ವೈಶಾಲಿ ಮೇಡಂ ಹೆಸರು

ಸೋನಾಲಿ ಈಗ ಮಾತೆತ್ತಿದರೆ ವೈಶಾಲಿ ಮೇಡಂ. ವೈಶಾಲಿ ಮೇಡಂ ಬೆನ್ನು ನೆಟ್ಟಗಿಟ್ಟು ಕೂತುಕೋ ಅಂದರು, ವೈಶಾಲಿ ಮೇಡಂ ಕೂದಲು ಹೀಗೆ ಕಟ್ಟು ಅಂದರು. ಶಿವಕುಮಾರಿ ಕೇಳಿಯೂ ಕೇಳದವಳ ಹಾಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಗೆರೆ ಸೊಟ್ಟಗಾಗುತ್ತಿತ್ತು.

ಇಂಡಿ ತಾಲೂಕಿನ ಹೈಸ್ಕೂಲಿನಲ್ಲಿ ಖೋಖೋ ಆಡಿ, ಗಾರೆ ಕೆಲಸದ ಈಶ್ವರನನ್ನು ಮದುವೆಯಾಗಿ, ಭಾಂಡುಪ್‌ನ ಗುಡ್ಡದ ಚಾಳಿಗೆ ಬಂದವಳು ಶಿವಕುಮಾರಿ. ಹಗಲೆಲ್ಲ ಬಾಲವಾಡಿಯಲ್ಲಿ ಆಯಾ ಕೆಲಸ. ಬೆಳಿಗ್ಗೆ ಆರರಿಂದ ಎಂಟರವರೆಗೆ ಚಾಳಿನ ಹೆಣ್ಣುಮಕ್ಕಳಿಗೆ ಖೋಖೋ ಕಲಿಸುತ್ತಾಳೆ. ಯಾರೂ ಹೇಳಿದ್ದಲ್ಲ, ಹತ್ತು ವರ್ಷವಾಯಿತು. ಮೊದಲ ದಿನ ಬಂದವರಲ್ಲಿ ಸೋನಾಲಿಯೂ ಒಬ್ಬಳು. ಆಗ ಒಂಬತ್ತು ವರ್ಷ, ಹೆಸರು ಕೇಳಿದರೆ ಫ್ರಾಕಿನ ತುದಿ ಕಚ್ಚುತ್ತಿದ್ದಳು. ಈಗ ಉಪನಗರ ಜಿಲ್ಲೆಯ ತಂಡದಲ್ಲಿ ಎರಡು ಸಲ ಆಡಿ ಬಂದಿದ್ದಾಳೆ.

"ಓಡಾಕಿ ಮುಖ ನೋಡಬ್ಯಾಡ, ಮುಖ ಸುಳ್ಳ ಹೇಳತದ. ಸೊಂಟ ನೋಡು. ಯಾ ಕಡೆ ಹೊಳ್ಳತಾಳ ಅದು ಹೇಳತದ," ಎಂದು ಕಲಿಸಿದ್ದು ಶಿವಕುಮಾರಿ. ಜನವರಿಯಿಂದ ಪ್ರತಿ ಶನಿವಾರ ಒಂದು ಸಂಸ್ಥೆಯ ಕಡೆಯಿಂದ ನೌಕರಿಯ ತರಬೇತಿ ಕೊಡಲು ಬರುತ್ತಿದ್ದ ವೈಶಾಲಿ ಕಲಿಸಿದ್ದು ಅದರ ತಿರುಗಾಮುರುಗಾ: ಮಾತಾಡುವಾಗ ಎದುರಿನವರ ಮುಖವನ್ನೇ ನೋಡಬೇಕು. ಕಳೆದ ವಾರದ ಪಂದ್ಯದಲ್ಲಿ ಸೋನಾಲಿ ಎದುರಾಳಿಯ ಮುಖ ನೋಡಿ ಮೋಸ ಹೋದಾಗ, ಸೋತದ್ದು ತನ್ನದೇ ತಂಡ ಎಂಬುದನ್ನೂ ಮರೆತು ಶಿವಕುಮಾರಿಗೆ ಒಳಗೊಳಗೇ ಹಾಯೆನಿಸಿತು. ಆಮೇಲೆ ನಾಚಿಕೆಯೂ ಆಯಿತು. ಆದರೆ ಹಾಯೆನಿಸಿದ್ದು ಸುಳ್ಳಲ್ಲ.

ಗೋರೆಗಾಂವ್‌ನ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ನೌಕರಿ ಖಾಲಿಯಿತ್ತು. ಸಂದರ್ಶನದ ಹಿಂದಿನ ದಿನ ಸೋನಾಲಿ ಒಂದು ಹಾಳೆ ಹಿಡಿದು ಶಿವಕುಮಾರಿಯ ಮನೆಗೆ ಬಂದಳು. ಪ್ರಶ್ನೆಗಳು ವೈಶಾಲಿಯವು, ಕೆಳಗಿನ ಉತ್ತರಗಳು ಸೋನಾಲಿಯವು.

"ಶಿವಕ್ಕಾ, ನೀವು ಸಾಹೇಬ್ ಆಗ್ರಿ. ನಾ ಜವಾಬ್ ಕೊಡ್ತೀನಿ."

ಶಿವಕುಮಾರಿ ಹಿಂದಿ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ನಾಲ್ಕನೆಯ ಪ್ರಶ್ನೆ: ನಿಮಗೆ ಧೈರ್ಯ ತುಂಬಿದವರು ಯಾರು?

"ಮೇರೀ ಟ್ರೇನರ್ ವೈಶಾಲಿ ಮೇಡಂ," ಎಂದಳು ಸೋನಾಲಿ, ಕಲಿಸಿದ ಹಾಗೆ ಮುಖ ನೋಡುತ್ತ. ನೋಡಿದ್ದರಿಂದಲೇ ಮಾತು ನಿಲ್ಲಿಸಿದಳು. "ಕ್ಯಾ ಹುವಾ ಅಕ್ಕಾ? ಮುಖ ಯಾಕ್ ಹಿಂಗ್ ಆಯ್ತು?"

"ಹೊಟ್ಟಿ ಉರ್ಯಾಕತ್ತದ."

ನಿಜವೇ ಬಾಯಿಂದ ಜಾರಿತ್ತು. ಆದರೆ ಸೋನಾಲಿಯ ಕನ್ನಡ ಅಮ್ಮನ ಬೈಗುಳದಲ್ಲಿ ಕಲಿತ ಅರೆಬರೆ ಕನ್ನಡ.

"ಆಸಿಡಿಟಿ! ಖಾಲಿ ಪೇಟ್ ಚಹಾ ಕುಡೀಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಲಿ? ರುಕೋ, ಸೋಡಾ ತರ್ತೀನಿ." ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು.

ಹಾಳೆ ಶಿವಕುಮಾರಿಯ ತೊಡೆಯ ಮೇಲೆ ಉಳಿಯಿತು, ಪೆನ್ನು ಪಕ್ಕದಲ್ಲಿತ್ತು. ಆ ಹೆಸರಿನ ಮೇಲೆ ಒಂದು ಗೆರೆ ಎಳೆದರೆ ಸಾಕು. ತಾನು ಏನು ಬರೆದರೂ ಹುಡುಗಿ ಒಂದು ಮಾತೂ ಕೇಳದೆ ಬಾಯಿಪಾಠ ಮಾಡಿಕೊಂಡು ಹೋಗುತ್ತಾಳೆ. ಅದು ಗೊತ್ತಿದ್ದುದರಿಂದಲೇ ಪೆನ್ನು ಹೆಸರಿನ ಮೇಲೆ ನಿಂತು, ಒಂದು ಚುಕ್ಕೆಯಿಟ್ಟು, ಹಿಂದೆ ಬಂತು.

ಸೋನಾಲಿ ಏದುಸಿರು ಬಿಡುತ್ತ ಬಂದಳು. ಅರ್ಧ ಸೋಡಾ ಕೈಮೇಲೆ ಚೆಲ್ಲಿತ್ತು. ಶಿವಕುಮಾರಿ ಉಳಿದದ್ದನ್ನು ಗಟಗಟ ಕುಡಿದಳು.

"ಕಮ್ಮಿ ಆಯ್ತಾ?"

"ಇಲ್ಲ. ಇರಲಿ ಬಿಡು. ನಾಕನೇದು ಇನ್ನೊಮ್ಮೆ ಹೇಳು. ಮೇಡಂ ಹೆಸರು ಬಂದ ಕೂಡಲೆ ದನಿ ನುಂಗತಿ."

ಸೋನಾಲಿ ಹೇಳಿದಳು.

"ಕೇಳಸಂಗಿಲ್ಲ," ಎಂದಳು ಶಿವಕುಮಾರಿ. "ಬಾಯಿ ತಗದು ಹೇಳು. ಇನ್ನೂ ಗಟ್ಟಿ."