ಊಟದ ಬಿಡುವಿನ ಹತ್ತು ನಿಮಿಷ

ನಿನ್ನೆ ಬಿಟಿಎಂ ಲೇಔಟ್‌ನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಡ್ರಾಯರ್ ಕೆದಕುವಾಗ ತಳದಲ್ಲಿ ಒಂದು ಎಲಾಸ್ಟಿಕ್ ಪಟ್ಟಿ ಸಿಕ್ಕಿತು. ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲ ಎಲಾಸ್ಟಿಕ್ಕು, ಎರಡು ತುದಿ ಸೇರಿಸಿ ಮೂರು ಸಾಲು ಹೊಲಿಗೆ ಹಾಕಿದ್ದು. ಮೂಗಿಗೆ ಹಿಡಿದರೆ ಇನ್ನೂ ಮಷೀನ್ ಎಣ್ಣೆಯ ವಾಸನೆ... ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಿಂದ ಚಿಕಿತ್ಸೆಗೆ ಬರುತ್ತಿದ್ದ ಟೈಲರಕ್ಕ ಕೊಟ್ಟಿದ್ದು.

ಎಲ್ಲಿ ನೋವು ಎಂದು ಮೊದಲ ದಿನ ಕೇಳಿದಾಗ ಸೊಂಟದ ಕೆಳಗೆ, ಬಲಕ್ಕೆ, ಒಂದೇ ಬೆರಳು ಒತ್ತಿ ತೋರಿಸಿದ್ದರು. ಬೆನ್ನೆಲುಬಿನ ಬುಡ ಸೊಂಟದ ಮೂಳೆಗೆ ಸೇರುವ ಕೀಲು ಅದು. ಆಸರೆಯಿಲ್ಲದ ಸ್ಟೂಲಿನ ಮೇಲೆ ದಿನವಿಡೀ ಕೂತು ಒಂದೇ ಕಾಲಲ್ಲಿ ಪೆಡಲ್ ಒತ್ತಿದರೆ ಇನ್ನೇನಾಗುತ್ತದೆ? ಹಿಂದೆ ತೋರಿಸಿದ ಕಡೆಯೆಲ್ಲ ವಯಸ್ಸಾಯಿತು ಎಂದು ಮಾತ್ರೆ ಕೊಟ್ಟು ಕಳಿಸಿದ್ದರಂತೆ. ಮೂವತ್ತೆಂಟಕ್ಕೇ ವಯಸ್ಸಾಯಿತೇ? ನನಗೆ ಅವತ್ತೇ ಮೈ ಉರಿದಿತ್ತು.

ಭಾನುವಾರ ಬಂದಾಗಲೆಲ್ಲ ಮಗ್ಗುಲಾಗಿ ಮಲಗಿಸಿ ಕೈಯಿಂದಲೇ ಕೀಲು ಸಡಿಲಿಸುತ್ತಿದ್ದೆ. ಅದು ಅರ್ಧ ಚಿಕಿತ್ಸೆ. ಉಳಿದರ್ಧ ದಿನಾ ಮಾಡಬೇಕಾದ ವ್ಯಾಯಾಮ. ಅಂಗಾತ ಮಲಗಿ, ಮಡಚಿದ ಮಂಡಿಗಳ ಸುತ್ತ ಪಟ್ಟಿ ಹಾಕಿಕೊಂಡು ಸೊಂಟ ಎತ್ತಬೇಕು. ಬಿಸಾಡಿದ ಎಲಾಸ್ಟಿಕ್ಕಿನ ತುಂಡಿನಲ್ಲಿ ಅಕ್ಕ ತಾವೇ ಪಟ್ಟಿ ಹೊಲಿದುಕೊಂಡರು, ನನಗೂ ಒಂದು ತಂದುಕೊಟ್ಟರು. ಆದರೆ ಅವರ ಮನೆಯಲ್ಲಿ ಒಂದೇ ಕೋಣೆಗೆ ಐದು ಜನ. ನೀರು ಹಿಡಿದು, ಅಡುಗೆ ಮುಗಿಸಿ ಬಸ್ಸಿಗೆ ಓಡುವವರು ಮಲಗುವುದೆಲ್ಲಿ? ಊಟದ ಬಿಡುವಿನಲ್ಲಿ ಹತ್ತು ನಿಮಿಷ ಮಾಡಿ ಎಂದವಳು ನಾನೇ.

ಮಾಡಿದರು. ಬಟ್ಟೆ ಬಂಡಲ್‌ಗಳ ಹಿಂದೆ ರಟ್ಟು ಹಾಸಿಕೊಂಡು, ಒಂದು ದಿನವೂ ಬಿಡದೆ. ಎರಡು ತಿಂಗಳಾಗುವಷ್ಟರಲ್ಲಿ, ನೋವಿಲ್ಲದೆ ಬಲಗಾಲಿಟ್ಟೇ ಬಸ್ ಹತ್ತಿದೆ ಎಂದು ನಗುತ್ತಾ ಬಂದು ಹೇಳಿದರು. ಅವರನ್ನು ನೋಡಿ ಪಕ್ಕದ ಮಷೀನಿನ ಇಬ್ಬರು ತಾವೂ ರಟ್ಟು ಹಾಸಿದರಂತೆ.

ಅದೇ ಮುಳುವಾಯಿತು. ಸೂಪರ್‌ವೈಸರ್ ಮೊಬೈಲಿನಲ್ಲಿ ಫೋಟೊ ತೆಗೆದ. ಕೆಲಸದ ಜಾಗದಲ್ಲಿ ನಿದ್ದೆ ಮಾಡಿದ್ದಲ್ಲದೆ ಬೇರೆಯವರನ್ನೂ ಕೆಡಿಸಿದ್ದಾಳೆ ಎಂದು ಅಕ್ಕನನ್ನು ಕೆಲಸದಿಂದ ತೆಗೆದರು. ಊಟದ ಬಿಡುವೇನು ಅವರಪ್ಪನ ಮನೆಯ ಗಂಟೇ? ಇದು ನಿದ್ದೆಯಲ್ಲ, ಚಿಕಿತ್ಸೆ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಂಡು ನಾನೇ ಹೋದೆ. ಗೇಟಿನಿಂದ ಒಳಗೆ ಬಿಡಲಿಲ್ಲ. ಆಫೀಸಿನವನೊಬ್ಬ ಹೊರಗೆ ಬಂದು, ಕಾಗದ ಬಿಡಿಸಿಯೂ ನೋಡದೆ ವಾಪಸ್ ಕೊಟ್ಟ.

“ಇಲ್ಲಿಗೆ ಬರೋದು ಹೊಲಿಯೋಕೆ ಮೇಡಂ. ಮಲಗೋಕೆ ಮನೆ ಇದ್ಯಲ್ಲ,” ಎಂದ.

ಮನೆಯಲ್ಲಿ ಜಾಗವಿಲ್ಲದ್ದಕ್ಕೇ ಅವರು ಅಲ್ಲಿ ಮಲಗಿದ್ದು... ಅವನಿಗೆ ಬಾಯಿಗೆ ಬಂದಂತೆ ಬೈದು ಬಂದೆ. ಬೈದು ಏನು ಬಂತು, ಕೆಲಸವಂತೂ ವಾಪಸ್ ಬರಲಿಲ್ಲ.

ಕೊನೆಯ ಸಲ ಬಂದಾಗ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೋವು ಹೋಗಿತ್ತು ಮೇಡಂ. ಅದನ್ನ ಮಾತ್ರ ಯಾರೂ ಕೇಳ್ಲಿಲ್ಲ,” ಎಂದಷ್ಟೇ ಹೇಳಿದರು.

ಆಮೇಲೆ ಅವರ ಫೋನ್ ಸಿಗದಾಯಿತು. ಈಗ ಎಲ್ಲಿದ್ದಾರೋ, ಯಾವ ಸ್ಟೂಲಿನ ಮೇಲೆ ಕೂತಿದ್ದಾರೋ...

ಈಗಲೂ ಗಾರ್ಮೆಂಟ್ಸಿನ ಹೆಂಗಸರು ಬರುತ್ತಾರೆ, ಅದೇ ಜಾಗಕ್ಕೆ ಬೆರಳಿಡುತ್ತಾರೆ. ಪಟ್ಟಿಯನ್ನು ಮತ್ತೆ ಡ್ರಾಯರಿನೊಳಗೇ ಇಟ್ಟೆ. ಅವರಿಗೆ ನಾನು ಮಲಗಿ ಮಾಡುವ ವ್ಯಾಯಾಮ ಹೇಳುವುದಿಲ್ಲ. ನಿಂತೇ ಮಾಡುವಂಥದ್ದು, ಯಾರಾದರೂ ಫೋಟೊ ತೆಗೆದರೂ ತಪ್ಪು ಕಾಣದಂಥದ್ದು ಹೇಳಿಕೊಡುತ್ತೇನೆ. ಅದರಿಂದ ಅರ್ಧ ಮಾತ್ರ ಗುಣವಾಗುತ್ತದೆ. ಅದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು.