ಹುಣಸೆಹಣ್ಣಿನಲ್ಲಿ ತೊಳೆದ ಕತ್ತಿ

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗಗಳ ಉಕ್ಕು ಪರೀಕ್ಷಿಸುವುದು ನನ್ನ ಕೆಲಸ. ಎರಡನೇ ಮಹಾಯುದ್ಧದ ಕಾಲದ ಜಪಾನಿ ಸೈನಿಕ ಕತ್ತಿಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದು ನನ್ನ ಹುಚ್ಚು. ಆ ಹುಚ್ಚಿನ ಬಗ್ಗೆ ನನಗೆ ಜಂಭವೂ ಇತ್ತು.

ಎದುರುಮನೆಯ ಅಮೆರಿಕನ್ ತಾತ ಒಂದು ಕತ್ತಿ ತಂದರು. ಅವರ ಅಪ್ಪ ಯುದ್ಧದಿಂದ ಹೊತ್ತು ತಂದದ್ದಂತೆ. ಆದರೆ ಅವರಣ್ಣ ಸಾಯುವವರೆಗೂ, "ಅಪ್ಪ ಬುರುಡೆ ಬಿಟ್ಟ, ಯಾವುದೋ ಅಂಗಡೀಲಿ ಕೊಂಡ ನಕಲಿ ಇದು" ಎನ್ನುತ್ತಿದ್ದನಂತೆ.

"ಅಪ್ಪ ನಿಜ ಹೇಳಿದ್ನಾ ಅಂತ ಗೊತ್ತಾದ್ರೆ ಸಾಕು ನನಗೆ" ಎಂದರು.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಬಿದಿರಿನ ಮೊಳೆ ತೆಗೆದು ಹಿಡಿ ಕಳಚಿದೆ. ಹಿಡಿಯೊಳಗೆ ಹುದುಗಿರುವ ಕಬ್ಬಿಣದ ಬಾಲವೇ ಇಂಥ ಕತ್ತಿಯ ಜಾತಕ. ಅಲ್ಲಿನ ತುಕ್ಕನ್ನು ಯಾರೂ ಮುಟ್ಟಬಾರದು. ಆಸಿಡ್ ಸುರಿದು ಬರಿಸಿದ ನಕಲಿ ತುಕ್ಕು ಕೆಂಪಗೆ ಪುಡಿಪುಡಿಯಾಗಿರುತ್ತದೆ. ಇದು ಕಪ್ಪಗೆ, ನಯವಾಗಿ ಕಚ್ಚಿಕೊಂಡಿತ್ತು. ಅಸಲಿ, ಎಳ್ಳಷ್ಟೂ ಅನುಮಾನವಿಲ್ಲ. ಫೋಟೋ ಸಂಜೆ ತೆಗೆದರಾಯಿತು ಎಂದು ಹಾಗೇ ಬಿಟ್ಟು ಆಫೀಸಿಗೆ ಹೊರಟೆ.

ಅವತ್ತು ಆಯುಧಪೂಜೆ. ಸಂಜೆ ಮನೆಗೆ ಬಂದು ನೋಡಿದರೆ, ಮೈಸೂರಿನಿಂದ ಬಂದಿದ್ದ ಅಮ್ಮ ಚಾಕು, ಸ್ಪ್ಯಾನರ್, ಕಾರಿನ ಕೀ ಎಲ್ಲ ತೊಳೆದು ಕುಂಕುಮ ಇಟ್ಟು ಸಾಲಾಗಿ ಜೋಡಿಸಿದ್ದಳು. ನಡುವೆ ಆ ಕತ್ತಿ. ಬಾಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಹುಣಸೆಹಣ್ಣು ಹಾಕಿ ಒಂದು ಗಂಟೆ ಉಜ್ಜಿದೆ ಕಣೋ. ಪಾಪ, ಆ ತಾತಂಗೆ ಯಾರು ತೊಳೆದುಕೊಡ್ತಾರೆ" ಎಂದಳು.

ಅವಳ ಬೆರಳುಗಳು ಕೆಂಪಾಗಿದ್ದವು. ಆಯುಧಪೂಜೆಯ ದಿನ ಅದನ್ನು ಕಳಚಿ ಬಿಟ್ಟುಹೋದ ಮುಠ್ಠಾಳ ನಾನೇ ತಾನೇ.

ಅಮ್ಮ ಊರಿಗೆ ಮರಳಿದ ಮರುದಿನ ತಾತ ಬಂದರು. ಹೇಳಬೇಕಾದದ್ದು ಎರಡೇ ಮಾತು: ಕತ್ತಿ ಅಸಲಿ, ಅದರ ಗುರುತನ್ನು ನಮ್ಮ ಮನೆಯಲ್ಲಿ ಅಳಿಸಿಬಿಟ್ಟೆವು. ಎರಡನೆಯದನ್ನು ಹೇಳಲು ಹೆದರಿ ಮೊದಲನೆಯದನ್ನೂ ನುಂಗಿದೆ.

"ಬಾಲದಲ್ಲಿ ಹಳೇ ತುಕ್ಕೇ ಇಲ್ಲ. ಅಸಲಿ ಅನ್ನೋಕಾಗಲ್ಲ" ಎಂದೆ.

"ಹಾಗಾದ್ರೆ ಅಣ್ಣ ಹೇಳಿದ್ದೇ ಸರಿ" ಎಂದು ತಾತ ಎದ್ದರು. ಬಾಗಿಲಲ್ಲಿ ತಿರುಗಿ, "ನಿನಗೆ ಇಂಥವು ಇಷ್ಟ ಅಲ್ವಾ, ನೀನೇ ಇಟ್ಕೋ. ಕಣ್ಣೆದುರಿಗಿದ್ರೆ ಅಪ್ಪನ ಮೇಲೆ ಸಿಟ್ಟು ಬರುತ್ತೆ" ಎಂದರು.

ಬೇಡ ಎನ್ನಬೇಕಿತ್ತು. ಕೈ ಚಾಚಿದೆ. ಥೂ, ನನ್ನ ಜನ್ಮಕ್ಕೆ. ನಾಳೆ ಹೋಗಿ ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಚಳಿಗಾಲ ಕಳೆಯಿತು. ಅಷ್ಟರಲ್ಲಿ ಅವರು ತೀರಿಕೊಂಡರು.

ಈ ವರ್ಷದ ಆಯುಧಪೂಜೆಗೆ ಅಮ್ಮ ಊರಿನಿಂದ ವಿಡಿಯೊ ಕಾಲ್ ಮಾಡಿದಳು. "ಆ ತಾತನ ಕತ್ತಿ ವಾಪಸ್ ಕೊಟ್ಟೆ ತಾನೇ? ಹೊಳಪು ನೋಡಿ ಖುಷಿಪಟ್ರಾ?"

ಗೋಡೆಯ ಮೇಲಿನ ಕತ್ತಿ ಕಾಣದಂತೆ ಫೋನು ತಿರುಗಿಸಿಕೊಂಡು, "ತುಂಬಾ ಖುಷಿಪಟ್ರಮ್ಮ" ಎಂದೆ.