ಮರೆಮ್ಮನ ಹೊದಿಕೆಯ ಎದ್ದ ಅಂಚು

ಪುಣೆಯ ಕೊಂಢವಾದಲ್ಲಿ ಸೊಪ್ಪು ಮಾರುವ ಮರೆಮ್ಮ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಚೌಕ ಹೊದಿಕೆ ನಡುವೆ ಸಪಾಟು, ಅಂಚಿನಲ್ಲಿ ಸಮುದ್ರ. ಆ ಅಲೆಗಳನ್ನು ದಾಟಲು ಹೊರಟ ಇರುವೆಯೊಂದು ಅರ್ಧ ದಾರಿಯಲ್ಲಿ ಬಸವಳಿದು ಮನೆಗೆ ಮರಳಿದ್ದನ್ನು ಇಡೀ ಓಣಿ ನೋಡಿದೆ. ನಂಬದವರು ಇರುವೆಯನ್ನೇ ಕೇಳಬಹುದು.

ಯಾದಗಿರಿ ಕಡೆಯಿಂದ ಗಂಡ ತಾಯಪ್ಪನ ಜೊತೆ ಅವಳು ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮೊದಲ ಹತ್ತು ವರ್ಷ ತಲೆಯ ಮೇಲೆ ಹೊತ್ತ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನವರೆಗೆ ಮೆಟ್ಟಿಲಾಗಿ ಇನ್ನೂ ನಾಲ್ಕು ಉಳಿಯುತ್ತಿದ್ದವು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಸೊಪ್ಪಿನ ಬುಟ್ಟಿ ಹಿಡಿದಳು. ಹೋದ ವರ್ಷ ಮಹಿಳಾ ಮಂಡಳದ ಕ್ರೋಶಾ ಕ್ಲಾಸಿಗೆ ಸೇರಿದಳು. ಶಾಲೆಯ ಹೊಸ್ತಿಲು ತುಳಿಯದ ಮರೆಮ್ಮನಿಗೆ ಈಗ ಒಂದೇ ಹಟ: ಮುಂದಿನ ತಂಡಕ್ಕೆ ತಾನೇ ಟೀಚರ್ ಆಗಬೇಕು. ಕಲಿಸುವ ಸೋನಾಲಿ ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡೂ ಬಲ್ಲವಳು. ಮರೆಮ್ಮನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಅವಳ ಷರತ್ತೂ ಒಂದೇ.

"ರವಿವಾರ ಹೊದಿಕಿ ಟೇಬಲ್ ಮ್ಯಾಲ ಹಾಸ್ತೀನಿ, ಮಾವಶಿ. ಸಪಾಟ ಕುಂತ್ರ ಸೋಮವಾರದಿಂದ ಕ್ಲಾಸ್ ನಿಮ್ದು."

ಅಂದು ಬುಧವಾರ. ಮರೆಮ್ಮ ಮೊದಲು ಇಸ್ತ್ರಿ ಹೊಡೆದಳು. ಅಲೆಗಳು ಬಿಸಿಯಾದವು, ಅಷ್ಟೆ. ಗುರುವಾರ ಅದರ ಮೇಲೆ ಎರಡು ಸಿಮೆಂಟ್ ಚೀಲ ಹೇರಿಸಿದಳು. ಸಂಜೆ ಚೀಲ ತೆಗೆದದ್ದೇ ತಡ, ಅಂಚು ಎದ್ದು ನಿಂತು ಮೈಮುರಿದು ಆಕಳಿಸಿತು.

ತಾಯಪ್ಪ ಗೌಂಡಿ, ಗೋಡೆ ಕಟ್ಟಿ ಗಿಲಾವು ಬಳಿಯುವವನು. ಚಹಾ ಹೀರುತ್ತ ಹೇಳಿದ: "ಗಿಲಾವು ಉಬ್ಬಿದ್ರ ಮ್ಯಾಲ ಒತ್ತಿದ್ರ ಹೋಗಂಗಿಲ್ಲ. ಕೆತ್ತಿ ತೆಗೀಬೇಕು."

"ಇದು ನಿನ್ನ ಗ್ವಾಡಿ ಅಲ್ಲ."

"ನನ್ನ ಗ್ವಾಡಿ ಹಿಂಗ ಕುಣಿಯಂಗಿಲ್ಲ ಬಿಡು."

ಮರೆಮ್ಮ ನೋಡಿದ ನೋಟಕ್ಕೆ ತಣ್ಣಗಾಗಿದ್ದ ಚಹಾ ಮತ್ತೊಮ್ಮೆ ಕುದಿಯಿತು. ಆದರೂ ಗಂಡನ ಮಾತು ಕೇಳಿ ಅಂಚನ್ನೆಲ್ಲ ಬಿಚ್ಚಿದಳು, ಮತ್ತೆ ಹೆಣೆದಳು. ಮತ್ತೆ ಸಮುದ್ರ. ಶುಕ್ರವಾರ ಇನ್ನೊಮ್ಮೆ ಬಿಚ್ಚಿ ಹೆಣೆಯುವಾಗ ಮಗಳು ದುರ್ಗಾ ಪಕ್ಕದಲ್ಲಿ ಕುಳಿತು ತಾಯಿಯ ಬೆರಳುಗಳನ್ನೇ ನೋಡತೊಡಗಿದಳು.

"ಯವ್ವಾ, ಹತ್ತು ಸಾಲಿಗೆ ಹತ್ತು ಕುಣಿಕಿ ಅಂದಾಳ ಹೌದಿಲ್ಲೊ ಸೋನಾಲಿ?"

"ಹತ್ತ ಹಾಕೀನಿ."

"ಹತ್ತಾದ ಮ್ಯಾಲ ಇನ್ನೊಂದು ಹಾಕಿದಿ ನೋಡು. ಅದು ಯಾವ್ದು?"

ಇಷ್ಟೂ ಗೊತ್ತಿಲ್ಲವೇ ಎಂಬಂತೆ ಮರೆಮ್ಮ ಮಗಳತ್ತ ತಿರುಗಿದಳು. "ಅದು ಕೊಸರು!"

ಹತ್ತು ನಿಂಬೆಗೆ ಮೇಲೊಂದು, ನಾಲ್ಕು ಕಟ್ಟು ಮೆಂತ್ಯಕ್ಕೆ ಒಂದು ಹಿಡಿ ಕೊತ್ತಂಬರಿ. ಅಳತೆ ಮುಗಿದ ಮೇಲೆ ಕೊಸರು ಹಾಕದ ಕೈ ಕೈಯೇ ಅಲ್ಲ ಎಂದು ಅವಳ ತಾಯಿ ಸಂತೆಯಲ್ಲಿ ಕಲಿಸಿದ್ದಳು. ಆ ಧಾರಾಳ ಕೈ ದಾರಕ್ಕೂ ಕೊಸರು ಹಾಕುತ್ತಿತ್ತು. ಇಂದಾಪುರದ ಎಸ್.ಟಿ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ತೂರಿಕೊಂಡಂತೆ, ಹೆಚ್ಚಿನ ಕುಣಿಕೆಗೆ ಜಾಗ ಸಿಗದೆ ಅಂಚು ಮೇಲಕ್ಕೆ ಉಬ್ಬುತ್ತಿತ್ತು.

ಅಂಚು ಬಿಚ್ಚುವುದೇನೋ ಸುಲಭ. ಕೈಯ ಗುಣ ಬಿಚ್ಚುವುದು ಹೇಗೆ? ಮರೆಮ್ಮ ಶನಿವಾರ ಬೆಳಿಗ್ಗೆ ಸೊಪ್ಪಿನ ಬುಟ್ಟಿಯ ಮುಂದೆಯೇ ತಾಲೀಮು ಶುರು ಮಾಡಿದಳು. ಎದುರು ಮನೆಯ ರಂಜನಾ ಮೆಂತ್ಯ ಕೊಂಡು ಚೀಲ ಅಗಲಿಸಿ ನಿಂತಳು. ಮೇಲೆ ಏನೂ ಬೀಳಲಿಲ್ಲ.

"ಕೊತ್ತಂಬರಿ ಮರ್ತ್ಯೇನ, ಮರೆಮ್ಮಾ?"

"ನಾಳಿ ತನಕ ಇಲ್ರಿ. ಕೈ ಪಥ್ಯದಾಗ ಅದ."

"ಅಯ್ಯ, ಏನ್ ರೋಗ ಬಂತು?"

"ಧಾರಾಳತನ ಅಂತ್ರಿ. ಹುಟ್ಟಿದಾಗಿಂದ ಅದ."

ಮಧ್ಯಾಹ್ನದಿಂದ ಹೆಣಿಗೆ. ಹತ್ತಾದ ಕೂಡಲೇ ಬೆರಳು ಮತ್ತೊಂದಕ್ಕೆ ಹಾರುತ್ತಿತ್ತು, ಮರೆಮ್ಮ "ಸಾಕು!" ಎಂದು ಗದರುತ್ತಿದ್ದಳು. ಆ ಗರ್ಜನೆಗೆ ಓಣಿಯ ರಿಕ್ಷಾಗಳು ತಾವಾಗಿ ಬ್ರೇಕ್ ಹಾಕಿಕೊಂಡವು. ಪಕ್ಕದ ಮನೆಯವರು ಎರಡನೇ ರೊಟ್ಟಿಗೆ ಕೈ ಹಾಕಲು ಹೆದರಿದರು.

ಭಾನುವಾರ ಕ್ಲಾಸಿನ ಹೆಂಗಸರೆಲ್ಲ ಸುತ್ತ ನಿಂತಿರುವಾಗ ಸೋನಾಲಿ ಟೇಬಲ್ ಮೇಲೆ ಹೊದಿಕೆ ಹಾಸಿದಳು. ನಾಲ್ಕೂ ಬದಿ ಸಪಾಟು. ಮೂರು ಮೂಲೆಗಳೂ ಸಪಾಟು. ನಾಲ್ಕನೆಯದು ಮಾತ್ರ ನಾಯಿಮರಿಯಂತೆ ಒಂದು ಕಿವಿ ಎತ್ತಿತ್ತು. ಮೂಲೆಗೆ ಮೂರೇ ಕುಣಿಕೆ ಬರಬೇಕು. ಕೊನೆಯ ಸುತ್ತಿನಲ್ಲಿ, ಕೊನೆಯ ಮೂಲೆಯಲ್ಲಿ, ಕೈ ಕದ್ದು ನಾಲ್ಕನೆಯದನ್ನು ಹಾಕಿಬಿಟ್ಟಿತ್ತು.

ಸೋನಾಲಿ ಮೂಲೆಯನ್ನು ಬೆರಳಿನಿಂದ ಒತ್ತಿ ನಕ್ಕಳು. "ಇರ್ಲಿ ಮಾವಶಿ, ಇಷ್ಟು ನಡೀತದ."

"ನಡಿಯಂಗಿಲ್ರಿ. ನಾಳಿ ನನ್ನ ಮುಂದ ಕಲ್ಯಾಕ ಕುಂತಾಕಿ, 'ನಿಮ್ದೂ ಮೂಲಿ ಎದ್ದಿತ್ತಲ್ರಿ' ಅಂದ್ರ ಏನ್ ಹೇಳ್ಲಿ?"

ಎಲ್ಲರೂ ನೋಡುತ್ತಿರುವಂತೆಯೇ ಮರೆಮ್ಮ ಕೊನೆಯ ಗಂಟು ಬಿಡಿಸಿ ಮೂಲೆಯವರೆಗೆ ದಾರ ಎಳೆದಳು. ನಿಂತಲ್ಲೇ ಕಡ್ಡಿ ಆಡಿಸಿದಳು. ಒಂದು, ಎರಡು, ಮೂರು. ಬೆರಳು ನಾಲ್ಕನೆಯದಕ್ಕೆ ಹಾರಿತು, ಅವಳು ತುಟಿ ಕಚ್ಚಿ ಮುಂದಿನ ಬದಿಗೆ ತಿರುಗಿದಳು. ಗಂಟು ಹಾಕಿ ಹಾಸಿದಾಗ ಹೊದಿಕೆ ಮಲಗಿದ ಪರಿಯಲ್ಲಿ ಪುಣೆಯ ಯಾವ ರಸ್ತೆಯೂ ಇದುವರೆಗೆ ಮಲಗಿಲ್ಲ.

"ನಾಳಿ ಹನ್ನೊಂದಕ್ಕ ಬರ್ರಿ, ಟೀಚರ್," ಎಂದಳು ಸೋನಾಲಿ.

ಮರೆಮ್ಮ ಹೊದಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ಹನ್ನೊಂದಕ್ಕ ಸೊಪ್ಪು ತೀರಂಗಿಲ್ಲ. ಹನ್ನೆರಡಕ್ಕ ಇಡ್ರಿ. ಮತ್ತ ಎಲ್ಲಾರಿಗೂ ಹೇಳಿಬಿಡ್ರಿ, ತಡ ಮಾಡಿ ಬಂದೋರನ್ನ ನಾ ಒಳಗ ಬಿಡಂಗಿಲ್ಲ."